ಮಗಳ ತೋಳನ್ನು ಕೊಸರು ಕೊಟ್ಟದ್ದು

ವ್ಯವಹಾರ ಕುದುರಿದ ಮೇಲೆ ಬಾಯಿ ಮುಚ್ಚಿಕೊಂಡು ಎದ್ದು ಬರಬೇಕು. ಕೇಳಿದವರಿಗೂ ಕೇಳದವರಿಗೂ ನಾನು ಕೊಡುವ ಮೊದಲ ಬುದ್ಧಿಮಾತು ಇದು. ನಾನೇ ಅದನ್ನು ಮೀರಿದ್ದು ಒಂದೇ ಒಂದು ಸಲ, ನಮ್ಮ ವಾರ್ಡಿನ ನಗರಸೇವಕರ, ಅಂದರೆ ಕಾರ್ಪೊರೇಟರರ, ಆಫೀಸಿನಲ್ಲಿ, ಅವರು ತರಿಸಿಕೊಟ್ಟ ಚಹಾ ಇನ್ನೂ ಅರ್ಧ ಉಳಿದಿದ್ದಾಗ. ಆ ಅರ್ಧ ಕಪ್ ಚಹಾ ಬಿಟ್ಟು ಎದ್ದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಸದಾಶಿವ ಪೇಠದ ಒಂದು ಗಲ್ಲಿಯಲ್ಲಿ ನನ್ನ ಅಂಗಡಿ ಇದೆ. ಹಳೆಯ ವಾಡೆ ಮನೆಗಳನ್ನು ಕೆಡವಿ ಫ್ಲ್ಯಾಟು ಕಟ್ಟುವಾಗ ಹೊರಬರುವ ಬಾಗಿಲು, ಕಿಟಕಿ, ಕಂಬ, ತೊಲೆಗಳನ್ನು ಕೊಂಡು ಮಾರುತ್ತೇನೆ. ಯಾದಗಿರಿ ಕಡೆಯಿಂದ ಬಂದ ಹೊಸದರಲ್ಲಿ ಇದೇ ವಾಡೆಗಳನ್ನು ಕೆಡವುವ ಕೂಲಿಯವಳಾಗಿದ್ದೆ. ನಾನು ತಲೆಯ ಮೇಲೆ ಹೊತ್ತು ರಾಶಿಗೆ ಎಸೆದ ಸಾಗವಾನಿ ಚೌಕಟ್ಟನ್ನು ಯಾರೋ ಕಾರಿನಲ್ಲಿ ಬಂದು, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದದ್ದನ್ನು ಕಂಡ ದಿನ ನನ್ನ ಕಣ್ಣು ತೆರೆಯಿತು. ಅಲ್ಲಿಂದ ಮುಂದೆ ಎಸೆಯುವುದು ಬಿಟ್ಟು ಎತ್ತಿಡಲು ಕಲಿತೆ. ನಮ್ಮವರು ಟೆಂಪೋ ಓಡಿಸುತ್ತಾರೆ, ಮಾತು ಕಡಿಮೆ. ಮನೆಗೆ ಬೇಕಾದ ಮಾತನ್ನೆಲ್ಲ ನಾನೇ ಆಡುತ್ತೇನೆ.

ಮನೆ ಇರುವುದು ಪೇಠೆಯಲ್ಲಲ್ಲ, ಊರಿನ ಅಂಚಿನಲ್ಲಿ. ಮೊದಲು ನಾವಿದ್ದ ತಗಡಿನ ಶೆಡ್ಡುಗಳ ವಸ್ತಿಯಿಂದ ಒಂದು ರಸ್ತೆ ದಾಟಿದರೆ ನಮ್ಮ ಎರಡು ಖೋಲಿಯ ಮನೆ. ವಸ್ತಿಯ ತುಂಬ ಕಲಬುರಗಿ, ಯಾದಗಿರಿ ಕಡೆಯ ಗಾರೆ ಕೆಲಸದ ಜನ. ನಾನು ಆ ರಸ್ತೆ ದಾಟಿ ಬಂದೆನೆಂಬ ಸಿಟ್ಟು ಅಲ್ಲಿಯ ಹೆಂಗಸರಿಗೆ ಸ್ವಲ್ಪ ಇದೆ. ಆದರೂ ರೇಶನ್ ಕಾರ್ಡು, ಶಾಲೆಯ ದಾಖಲೆ, ದವಾಖಾನೆಯ ಚೀಟಿ ಅಂದರೆ ನನ್ನ ಬಾಗಿಲಿಗೇ ಬರುತ್ತಾರೆ, ಮರಾಠಿಯಲ್ಲಿ ವಾದ ಮಾಡಲು ನಾನೇ ಬೇಕು.

ನಗರಸೇವಕರು ನನ್ನನ್ನು ಕರೆಸಿದ್ದೂ ಅದಕ್ಕೇ. ಹದಿನಾಲ್ಕು ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ಬಾರದ ಹಾಗೆ ಸರಕಾರ ಲಸಿಕೆ ಹಾಕುತ್ತಿತ್ತು. ಆರೋಗ್ಯ ಕೇಂದ್ರದವರು ವಸ್ತಿಗೆ ಬಂದರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಈ ಸೂಜಿ ಹಾಕಿಸಿಕೊಂಡ ಹುಡುಗಿಗೆ ಮುಂದೆ ಮಕ್ಕಳಾಗುವುದಿಲ್ಲ ಎನ್ನುವ ಒಂದು ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಅದನ್ನು ಹೇಳುವವನು ಬಿಳಿ ಕೋಟು ಹಾಕಿಕೊಂಡಿದ್ದ. ಯಾವ ಊರಿನ ಯಾವ ಡಾಕ್ಟರೋ ಯಾರಿಗೂ ಗೊತ್ತಿಲ್ಲ. ಅಂಥ ಮಾತಿಗೆ ಎದುರಾಗಿ ತಮ್ಮ ತಮ್ಮ ವೇದಿಕೆಯಿಂದ ಲಸಿಕೆ ಸುರಕ್ಷಿತವೆಂದು ಜನರಿಗೆ ಹೇಳಬೇಕು ಎಂದು ನಗರಸೇವಕರ ಪಕ್ಷದಲ್ಲಿ ಎಲ್ಲರಿಗೂ ಸೂಚನೆ ಬಂದಿತ್ತಂತೆ. ಇವರು ವಸ್ತಿಯ ಎದುರು ಒಂದು ಸಭೆ ಮಾಡಿದರು. ಕುರ್ಚಿಗಳು ಖಾಲಿ ಇದ್ದವು.

ಆಫೀಸಿನಲ್ಲಿ ಅವರು ಮೊದಲು ಲಸಿಕೆಯ ಮಾತೆತ್ತಲಿಲ್ಲ. ತಮ್ಮ ಅತ್ತಿಗೆ ಇದೇ ಕಾಯಿಲೆಯಿಂದ ಹೋದರೆಂದು ಹೇಳಿದರು. ಹೇಳುವಾಗ ಫೋನು ಬಂತು, ಎತ್ತಲಿಲ್ಲ. ರಾಜಕಾರಣಿ ಫೋನು ಎತ್ತದೆ ಹೇಳಿದ ಮಾತನ್ನು ನಂಬಬಹುದು. ಇದೂ ನನ್ನ ಅನುಭವದ ಮಾತೇ. ಆಮೇಲೆ ವಸ್ತಿಯಲ್ಲಿ ಆ ವಯಸ್ಸಿನ ಹುಡುಗಿಯರು ಇಪ್ಪತ್ತಾರು ಜನ ಇದ್ದಾರೆ, ಅವರ ತಾಯಂದಿರಿಂದ ಒಪ್ಪಿಗೆ ಪತ್ರ ನೀವು ತರಬೇಕು ಎಂದರು.

ನನಗೂ ಒಂದು ಬೇಕಾಗಿತ್ತು. ವಸ್ತಿಯ ಅಂಚಿನಲ್ಲಿ ಹೆಂಗಸರ ಶೌಚಾಲಯ ಕಟ್ಟಿ ಮುಗಿಸಿ, ಟೈಲ್ಸು ಹಚ್ಚಿ, ಬೀಗ ಹಾಕಿ ಇಟ್ಟಿದ್ದರು. ಉದ್ಘಾಟನೆಗೆ ದೊಡ್ಡ ನಾಯಕರು ಬರಬೇಕು, ಅವರಿಗೆ ಪುರುಸೊತ್ತಿಲ್ಲ. ಬೀಗ ಹಾಕಿದ ಆ ಬಾಗಿಲ ಮುಂದಿನಿಂದಲೇ ನಮ್ಮ ಹೆಣ್ಣುಮಕ್ಕಳು ಚೊಂಬು ಹಿಡಿದು ಖಾಲಿ ಪ್ಲಾಟಿನ ಕಡೆ ಹೋಗುತ್ತಿದ್ದರು. ಸೂಜಿ ಹಾಕುವ ದಿನವೇ ಬೀಗ ತೆಗೆಯಿರಿ ಎಂದೆ. ಅವರು ನಾಯಕರ ಹೆಸರು ಹೇಳಿದರು. ಆ ಹುಡುಗಿಯರ ಕೈಯಿಂದಲೇ ರಿಬ್ಬನ್ ಕತ್ತರಿಸಿ, ಫೋಟೋ ಇನ್ನೂ ಚೆನ್ನಾಗಿ ಬರುತ್ತದೆ ಎಂದೆ. ಅವರು ನಕ್ಕು ತಲೆ ಅಲ್ಲಾಡಿಸಿದರು. ಅಲ್ಲಿಗೆ ವ್ಯವಹಾರ ಮುಗಿಯಿತು.

ಆದರೆ ನಮ್ಮ ಕಡೆಯ ಸಂತೆಯಲ್ಲಿ ಕೊಸರು ಕೊಡದೆ ಯಾವ ವ್ಯಾಪಾರವೂ ಮುಗಿದಂತಲ್ಲ. ಜೋಳ ಅಳೆದ ಮೇಲೆ ಮೇಲೊಂದು ಹಿಡಿ ಹಾಕುತ್ತಾರೆ. ಬದನೆಕಾಯಿ ತೂಗಿದ ಮೇಲೆ ಎರಡು ಮೆಣಸಿನಕಾಯಿ. ನಾನೂ ಬಾಗಿಲು ಮಾರಿದ ಮೇಲೆ ಒಂದು ಹಿತ್ತಾಳೆಯ ಚಿಲಕ ಸೇರಿಸಿ ಕೊಡುತ್ತೇನೆ. ಕೊಂಡವನು ಮನೆ ಮುಟ್ಟುವವರೆಗೂ ಆ ಚಿಲಕವನ್ನೇ ನೆನೆಯುತ್ತಾನೆ. ಕೈಗೆ ಹತ್ತಿದ ಆ ರೂಢಿ ಅಂದು ಬಾಯಿಗೆ ಬಂತು. "ಮತ್ತೆ ನನ್ನ ಮಗಳಿಗೂ ಈಗ ಹದಿನಾಲ್ಕು. ಸ್ಟೇಜಿನ ಮೇಲೆ, ಎಲ್ಲರ ಎದುರಿಗೆ, ಅವಳಿಗೇ ಮೊದಲು ಹಾಕಿ" ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ. ಅವರು ಕೇಳಿರಲಿಲ್ಲ. ಕೇಳಿದ್ದರೆ ನಾನು ಬಹುಶಃ ಯೋಚಿಸುತ್ತಿದ್ದೆ.

ಅವರು ಕಪ್ಪು ಕೆಳಗಿಟ್ಟು, ಬಾಗಿಲ ಬಳಿ ನಿಂತಿದ್ದ ತಮ್ಮ ಸಹಾಯಕನಿಗೆ ಬರೆದುಕೋ ಎಂದರು. ಸಂಜೆಯೊಳಗೆ ಅವನು ಮಗಳ ಫೋಟೋ ಕೇಳಿದ. ಶಾಲೆಯ ಗುರುತಿನ ಚೀಟಿಗೆ ತೆಗೆಸಿದ ಫೋಟೋವನ್ನು ಕಳಿಸಿದೆ, ಎರಡು ಜಡೆಗೆ ಬಿಳಿ ರಿಬ್ಬನ್ ಕಟ್ಟಿದ್ದು.

ವಸ್ತಿಯಲ್ಲಿ ಆ ಕೊಸರು ಭಾರಿ ಕೆಲಸ ಮಾಡಿತು, ಅದನ್ನು ಒಪ್ಪಲೇಬೇಕು. ಅಲ್ಲೊಬ್ಬ ಮುದುಕಿ ಇದ್ದಾಳೆ. ಮಗ ಸೊಸೆ ಕೆಲಸಕ್ಕೆ ಹೋದರೆ ಮೊಮ್ಮಗಳನ್ನು ನೋಡಿಕೊಳ್ಳುವವಳು. ಅವಳು ಹೂಂ ಅಂದರೆ ವಸ್ತಿ ಹೂಂ ಅನ್ನುತ್ತದೆ. ನಗರಸೇವಕರು ತಮ್ಮ ಮೊಮ್ಮಗಳಿಗೆ ಲಸಿಕೆ ಹಾಕಿಸಿದ ಫೋಟೋವನ್ನು ನಾನು ತೋರಿಸಿದಾಗ ಅವಳು ಫೋನನ್ನು ದೂರ ಹಿಡಿದು ನೋಡಿದಳು.

"ಅವರ ಹುಡುಗಿ ಗಾಜಿನ ದವಾಖಾನ್ಯಾಗ ಕುಂತಾಳ" ಎಂದಳು. "ಆ ಬಾಟ್ಲಿನೂ ಈ ಬಾಟ್ಲಿನೂ ಒಂದಽ ಅಂತ ನೀ ಹ್ಯಾಂಗ ಹೇಳ್ತಿ?"

ಅದಕ್ಕೇ ನನ್ನ ಮಗಳಿಗೆ ನಿಮ್ಮ ಬಾಟಲಿಯಿಂದಲೇ, ನಿಮ್ಮ ಕಣ್ಣೆದುರೇ ಎಂದೆ. ಮುದುಕಿ ನನ್ನ ಮುಖ ನೋಡಿದಳು. "ನಿನ್ನ ಮಗಳಿಗೆ ಏನೂ ಆಗಲಿಲ್ಲಂದ್ರ ನಮ್ಮ ಹುಡುಗೀರು. ಆತಂದ್ರ ಇಲ್ಲ. ಇಷ್ಟಽ ಮಾತು." ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಉಳಿದವರೂ ಒತ್ತಿದರು.

ಮನೆಗೆ ಬಂದು ಕೈಕಾಲು ತೊಳೆಯುವಾಗ ನನಗೆ ನೆನಪಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ತಿಳಿದದ್ದನ್ನೇ ನೋಡದೆ ಮಾತಾಡಿದ್ದೆ. ನನ್ನ ಮಗಳು ಸೂಜಿ ಕಂಡರೆ ಎಚ್ಚರ ತಪ್ಪಿ ಬೀಳುತ್ತಾಳೆ. ಕಿವಿಗೆ ಎರಡನೆಯ ತೂತು ಮಾಡಿಸುವಾಗ ಅಕ್ಕಸಾಲಿಗನ ಅಂಗಡಿಯಲ್ಲಿ ಬಿದ್ದಳು. ಜ್ವರ ಬಂದಾಗ ರಕ್ತ ತೆಗೆಯಲು ಹೋದರೆ ಅಲ್ಲಿಯೂ. ಮೂರನೆಯದು ಶಾಲೆಯಲ್ಲಿ, ಗೆಳತಿಯ ಮೊಣಕಾಲು ತರಚಿ ರಕ್ತ ಬಂದದ್ದನ್ನು ನೋಡಿ. ಎರಡು ನಿಮಿಷಕ್ಕೆ ಎದ್ದು ಕೂರುತ್ತಾಳೆ, ಮತ್ತೇನೂ ಇಲ್ಲ. ಆದರೆ ಶಾಲೆಯಲ್ಲಿ ಬಿದ್ದಾಗ ಲಂಗ ಮೇಲೇರಿತ್ತಂತೆ. ಆ ವರ್ಷವಿಡೀ ಅವಳನ್ನು 'ಚಕ್ಕರ್' ಎಂದು ಕರೆದರು, ತಲೆ ತಿರುಗುವವಳು ಎಂದು. ಶಾಲೆಯವರೇ ಟ್ಯೂಷನ್ನಿನಲ್ಲೂ ಇದ್ದರು, ಅದನ್ನು ತಾಳದೆ ಆ ಕ್ಲಾಸು ಬದಲಿಸಿದ್ದಳು. ಹೊಸ ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಿಷಯ ಹೇಳಿದಾಗ ಅವಳು ಅಳಲಿಲ್ಲ. "ಅವ್ವಾ, ನೀ ನನ್ನ ಕೇಳಿದೇನ?" ಎಂದಳು.

ನಾನು ಕ್ಯಾನ್ಸರಿನ ಮಾತು, ಶೌಚಾಲಯದ ಮಾತು, ಇಪ್ಪತ್ತಾರು ಹುಡುಗಿಯರ ಮಾತು ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಸೂಜಿ ಹಾಕಿಸ್ಕೋತೀನಿ. ಮಂದಿ ಮುಂದ ಒಲ್ಲೆ" ಎಂದಳು. ಅದಕ್ಕಿಂತ ನ್ಯಾಯವಾದ ಮಾತು ಇರಲಿಲ್ಲ, ಆದರೆ ಅದನ್ನು ನಡೆಸಿಕೊಡುವುದು ನನ್ನ ಕೈಯಲ್ಲಿರಲಿಲ್ಲ. ಸ್ಟೇಜು ಹತ್ತದಿದ್ದರೆ ವಸ್ತಿ ನಂಬುವುದಿಲ್ಲ. ಹತ್ತಿ ಬಿದ್ದರೆ ವಸ್ತಿಯಷ್ಟೇ ಅಲ್ಲ, ಬಿದ್ದದ್ದು ಫೋನಿನಲ್ಲಿ ಯಾದಗಿರಿಯವರೆಗೆ ಹೋಗುತ್ತದೆ. ಎರಡು ಕಡೆಯೂ ನಾನೇ ಬೀಗ ಹಾಕಿ ಬಂದಿದ್ದೆ.

ಮರುದಿನ ಆರೋಗ್ಯ ಕೇಂದ್ರದ ಸಿಸ್ಟರ್ ಬಳಿ ಹೋದೆ. ಅವರು ಸೊಲ್ಲಾಪುರದ ಕಡೆಯವರು, ಕನ್ನಡ ಬರುತ್ತದೆ. ಮಗಳ ವಿಷಯ ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಈ ವಯಸ್ಸಿನ ಮಕ್ಕಳಲ್ಲಿ ಇದು ಆಗುತ್ತಿರುತ್ತದೆ, ಔಷಧದಿಂದಲ್ಲ, ಸೂಜಿಯ ಹೆದರಿಕೆಯಿಂದ. ಮಲಗಿಸಿ ಹಾಕುತ್ತೇವೆ, ಆಮೇಲೆ ಅರ್ಧ ಗಂಟೆ ಕೂಡಿಸಿಕೊಂಡು ನೋಡುತ್ತೇವೆ, ಮೊದಲೇ ಹೇಳಿದ್ದು ಒಳ್ಳೆಯದಾಯಿತು ಎಂದರು. ಖಾಲಿ ಹೊಟ್ಟೆಯಲ್ಲಿ ಕರೆತರಬೇಡಿ ಎಂದೂ ಹೇಳಿದರು. ಓದುವ ತಾಯಂದಿರು ಇದನ್ನು ನೆನಪಿಡಬೇಕು, ಬಹಳ ಮಂದಿಗೆ ಗೊತ್ತಿಲ್ಲ.

ನಾನು ಹೋದದ್ದು ಇದನ್ನು ಕೇಳಲಿಕ್ಕಲ್ಲ. ಬೆಳಿಗ್ಗೆಯೇ ಒಳಗಿನ ಖೋಲಿಯಲ್ಲಿ ಹಾಕಿಬಿಡಿ, ಆಮೇಲೆ ಸ್ಟೇಜಿನ ಮೇಲೆ ಬರೀ ಹತ್ತಿ ಒತ್ತಿ ತೋರಿಸಿ, ಸೂಜಿ ಚುಚ್ಚಿದ ಹಾಗೆ ಮಾಡಿದರೆ ಸಾಕು ಎಂದು ಮೆಲ್ಲಗೆ ಕೇಳಿದೆ.

ಸಿಸ್ಟರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಖಾಲಿ ಸೂಜಿ ಆಟ ನಾ ಆಡಂಗಿಲ್ಲ ಅಕ್ಕಾರ. ನಾಳೆ ಯಾರಿಗಾದ್ರೂ ಗೊತ್ತಾದ್ರ ಈ ವಸ್ತಿಯೊಳಗ ಪೋಲಿಯೋ ಹನಿ ಹಾಕಾಕೂ ನನ್ನ ಬಿಡಂಗಿಲ್ಲ."

ಅಲ್ಲಿಂದ ನಗರಸೇವಕರಲ್ಲಿಗೆ ಹೋದೆ. ಪೂರ್ತಿ ಸತ್ಯ ಹೇಳಲಿಲ್ಲ. ಹುಡುಗಿ ನಾಚುತ್ತಾಳೆ, ಒಂದು ಪರದೆ ಕಟ್ಟಿಸಿ ಎಂದೆ. ಪರದೆ ಕಟ್ಟಿದರೆ ಪರದೆಯ ಹಿಂದೆ ಏನು ಮಾಡಿದರು ಎಂದು ಕೇಳುತ್ತಾರೆ ಎಂದರು. ಅದು ನಿಜವೇ. ಬೇರೆ ಹುಡುಗಿಯನ್ನು ಮೊದಲು ಕರೆಯೋಣವೇ ಎಂದೆ. ಅವರು ಕಿಟಕಿಯ ಕಡೆ ಕೈ ತೋರಿಸಿದರು. ಚೌಕದಲ್ಲಿ ಫ್ಲೆಕ್ಸ್ ಏರಿತ್ತು. ಒಂದು ಕಡೆ ಕೈ ಮುಗಿದ ನಗರಸೇವಕರು, ಇನ್ನೊಂದು ಕಡೆ ಎರಡು ಜಡೆಯ ನನ್ನ ಮಗಳು, ಅವರಷ್ಟೇ ದೊಡ್ಡವಳಾಗಿ. ಕೆಳಗೆ 'ಮೊದಲ ಲಸಿಕೆ, ನಮ್ಮ ಧೈರ್ಯವಂತ ಹುಡುಗಿ' ಎಂದು ಮರಾಠಿಯಲ್ಲಿ. ಅವಳು ಶಾಲೆಗೂ ಟ್ಯೂಷನ್ನಿಗೂ ಆ ಚೌಕ ದಾಟಿಯೇ ಹೋಗಬೇಕು.

ಏಳುವಾಗ ಅವರು ತಮ್ಮ ಭಾಷಣಕ್ಕೆ ಒಂದು ಕನ್ನಡದ ಮಾತು ಕಲಿಸಿಕೊಡಿ ಎಂದರು. ಸೂಜಿಯಿಂದ ಏನೂ ತೊಂದರೆ ಇಲ್ಲ ಎಂದು ಹೇಗೆ ಹೇಳುವುದು? ನನ್ನ ಬುದ್ಧಿ ಆಗಲೇ ದಣಿದಿತ್ತು. "ಏನೂ ಆಗಂಗಿಲ್ಲ" ಎಂದು ಹೇಳಿಕೊಟ್ಟೆ. ಅವರು ನಾಲ್ಕು ಸಲ ಅಂದು ನೋಡಿದರು. ಉಚ್ಚಾರ ಚೆನ್ನಾಗಿ ಕುದುರಿತು.

ಸಭೆಯ ದಿನ ಮಗಳಿಗೆ ಎರಡು ರೊಟ್ಟಿ ಹೆಚ್ಚು ಬಡಿದು ತಿನ್ನಿಸಿದೆ. ಅವಳು ಪೈಜಾಮಾದ ಕಾಲುಗಳನ್ನು ಪಾದದ ಹತ್ತಿರ ಸೇಫ್ಟಿ ಪಿನ್ನಿನಿಂದ ಬಿಗಿದುಕೊಳ್ಳುತ್ತಿದ್ದಳು. ಏಕೆಂದು ನಾನು ಕೇಳಲಿಲ್ಲ. ದಾರಿಯಲ್ಲಿ ಒಂದೇ ಮಾತು ಆಡಿದಳು: ಬಿದ್ದರೆ ಹಿಂದಿನದನ್ನು ಯಾರಿಗೂ ಹೇಳಬೇಡ, ಉಪವಾಸ ಇದ್ದಳು ಅಂತ ಹೇಳು. ಹೂಂ ಎಂದೆ.

ಮಂಟಪ ತುಂಬಿತ್ತು. ಮುಂದಿನ ಸಾಲಿನಲ್ಲಿ ಮುದುಕಿ ಮೊಮ್ಮಗಳ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು, ಹುಡುಗಿ ಎದ್ದು ಓಡಿದರೆ ಸೆರಗೂ ಹೋಗುವ ಹಾಗೆ. ಸ್ಟೇಜಿನ ಮೇಲೆ ಮೇಜು, ಒಂದು ಬೆಂಚು, ಸಿಸ್ಟರ್, ಲಸಿಕೆಯ ನೀಲಿ ಡಬ್ಬಿ. ಮಗಳನ್ನು ಒಂದು ಬದಿಗೆ ಕುರ್ಚಿಯಲ್ಲಿ ಕೂಡಿಸಿದ್ದರು. ನಾನು ಮೆಟ್ಟಿಲ ಹತ್ತಿರ ನಿಂತೆ.

ನಗರಸೇವಕರು ಚೆನ್ನಾಗಿಯೇ ಮಾತಾಡಿದರು. ಎಲ್ಲ ದೇಶಗಳ ಹುಡುಗಿಯರಿಗೂ ಹಾಕುತ್ತಾರೆ, ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಆ ಬಿಳಿ ಕೋಟಿನವನನ್ನು ಹಿಡಿದು ತಂದು ನನ್ನೆದುರು ನಿಲ್ಲಿಸಿ ಎಂದರು. ಜನ ನಕ್ಕರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆಮೇಲೆ ನಾನು ಕಲಿಸಿದ ಮಾತು ತೆಗೆದರು. "ಏನೂ ಆಗಂಗಿಲ್ಲ." ಮರಾಠಿ ಸಾಹೇಬರ ಬಾಯಲ್ಲಿ ತಮ್ಮ ಮಾತು ಕೇಳಿ ಹೆಂಗಸರು ಚಪ್ಪಾಳೆ ಹೊಡೆದರು. ಅವರಿಗೆ ರುಚಿ ಹತ್ತಿತು. ಚಕ್ಕರ್ ಬರುತ್ತದೆಯೇ? ಏನೂ ಆಗಂಗಿಲ್ಲ. ಜ್ವರ ಬರುತ್ತದೆಯೇ? ಏನೂ ಆಗಂಗಿಲ್ಲ. ಹುಡುಗಿಯರು ಹೇಳಿ, ಏನೂ? ಆಗಂಗಿಲ್ಲ. ಎರಡು ನಿಮಿಷದಲ್ಲಿ ಆಗಲಿಕ್ಕಿರುವುದನ್ನು ಆಗುವುದಿಲ್ಲ ಎಂದು ಇಡೀ ವಸ್ತಿಯ ಬಾಯಿಂದ ಹೇಳಿಸುತ್ತಿದ್ದರು.

ಮೆಟ್ಟಿಲು ಹತ್ತಿ ಅವರ ಕಿವಿಯಲ್ಲಿ ಹೇಳಿದೆ: ಹಾಗೆ ಹೇಳಬೇಡಿ, ಹುಡುಗಿ ಬೀಳುತ್ತಾಳೆ. ಅವರು ಮೈಕಿಗೆ ಅಂಗೈ ಮುಚ್ಚಿ, ಈಗ ಬೇಡ ಅಕ್ಕಾ ಎಂದರು. ಅವರ ಮುಖ ನಗುತ್ತಲೇ ಇತ್ತು, ಕಣ್ಣು ಮಾತ್ರ ಅಲ್ಲ. ಸಹಾಯಕ ಆಗಲೇ ಮಗಳನ್ನು ಮುಂದೆ ಕರೆಯುತ್ತಿದ್ದ. ಮಂಟಪದ ತುಂಬ ಫೋನುಗಳು ಎದ್ದು ನಿಂತವು.

ಹಳೆಯ ಬಾಗಿಲು ಮಾರುವಾಗ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಗೆದ್ದಲು ತಿಂದ ಜಾಗವಿದ್ದರೆ ಗಿರಾಕಿಯ ಬೆರಳು ಹಿಡಿದು ನಾನೇ ಆ ತೂತಿನಲ್ಲಿ ಇಡಿಸುತ್ತೇನೆ. ಅವನೇ ಕಂಡುಹಿಡಿದರೆ ಇಡೀ ಬಾಗಿಲು ಸುಳ್ಳಾಗುತ್ತದೆ, ನಾನು ತೋರಿಸಿದರೆ ತೂತು ಮಾತ್ರ ತೂತು. ಅಂದು ಅದನ್ನೇ ಮಾಡಿದೆ. ಮಾಡುವಾಗ, ಈ ಸಲ ತೋರಿಸುತ್ತಿರುವುದು ಮರವನ್ನಲ್ಲ ಎನ್ನುವುದೂ ತಿಳಿದಿತ್ತು. ನಗರಸೇವಕರ ಕೈಯಿಂದ ಮೈಕು ತೆಗೆದುಕೊಂಡೆ. ಕಸಿದುಕೊಂಡೆ ಎಂದು ಅವರ ಕಡೆಯವರು ಈಗಲೂ ಹೇಳುತ್ತಾರೆ.

"ಸಾಹೇಬರಿಗೆ ನಾನಽ ತಪ್ಪು ಕಲಿಸೀನಿ" ಎಂದೆ. "ಏನೂ ಆಗಂಗಿಲ್ಲ ಅನ್ನೂದು ಖರೇ ಅಲ್ಲ. ತೋಳು ನೋಯ್ತದ. ಒಂದೆರಡು ದಿನ ಜ್ವರಾನೂ ಬರಬಹುದು. ಮತ್ತ ನನ್ನ ಮಗಳು ಈಗ ನಿಮ್ಮ ಮುಂದ ಎಚ್ಚರ ತಪ್ಪತಾಳ. ಕಿವಿ ಚುಚ್ಚಿದಾಗೂ ತಪ್ಪಿತ್ತು, ರಕ್ತ ತಗದಾಗೂ ತಪ್ಪಿತ್ತು. ಅದು ಔಷಧ ಅಲ್ಲ, ಅಂಜಿಕೆ. ಎದ್ದು ಕುಂದರತಾಳ. ಅಲ್ಲೀತನಕ ಯಾರೂ ಏಳಬ್ಯಾಡ್ರಿ."

ಯಾರಿಗೂ ಹೇಳಬೇಡ ಎಂದಿದ್ದನ್ನು ಎಲ್ಲರಿಗೂ, ಧ್ವನಿವರ್ಧಕದಲ್ಲಿ ಹೇಳಿದ್ದೆ. ಮಗಳು ನನ್ನ ಕಡೆ ನೋಡಿದಳು. ಆ ನೋಟದ ವರ್ಣನೆ ಮಾಡುವುದಿಲ್ಲ. ಆಮೇಲೆ ಅವಳು ಯಾರ ಸಹಾಯಕ್ಕೂ ಕಾಯದೆ ಬೆಂಚಿನ ಹತ್ತಿರ ಹೋಗಿ ಮಲಗಿ, ಓಡನಿಯಿಂದ ಮುಖ ಮುಚ್ಚಿಕೊಂಡು ತೋಳು ಚಾಚಿದಳು. ಮುಂದಿನ ಸಾಲಿನಿಂದ ಮುದುಕಿ ಎದ್ದು, ಮೊಮ್ಮಗಳನ್ನು ಪಕ್ಕದವಳಿಗೆ ಒಪ್ಪಿಸಿ, ಮೆಟ್ಟಿಲು ಹತ್ತಿ ಬಂದಳು. ಏನಾಗುತ್ತದೆಂದು ಹತ್ತಿರದಿಂದಲೇ ನೋಡಬೇಕಿತ್ತು ಅವಳಿಗೆ. ಬಂದವಳು ಮಗಳ ಎರಡು ಪಾದಗಳನ್ನು ಹಿಡಿದುಕೊಂಡಳು.

ಸೂಜಿ ಒಳಹೋಗಿ ಹೊರಬಂದದ್ದು ಕಾಣಲೂ ಇಲ್ಲ. ಸಿಸ್ಟರ್ ಓಡನಿ ಸರಿಸಿದಾಗ ಮಗಳ ತುಟಿ ಬಿಳಿಚಿತ್ತು, ಕಣ್ಣು ಮೇಲೇರಿತ್ತು, ಕರೆದರೆ ಓಗೊಡಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಳು ತನ್ನ ಮಗಳನ್ನು ಎಳೆದುಕೊಂಡು ಹೊರಟೇಬಿಟ್ಟಳು. ನಾನು ಎದ್ದು ಕುಂದರತಾಳ ಎಂದು ಹೇಳಿದ್ದೆ. ಎಷ್ಟು ಹೊತ್ತಿಗೆ ಎಂದು ಹೇಳಿರಲಿಲ್ಲ. ಅಷ್ಟು ಉದ್ದದ ಹೊತ್ತನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಗರಸೇವಕರ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅವರು ಸ್ಟೇಜು ಬಿಟ್ಟು ಇಳಿದುಹೋಗಬಹುದಿತ್ತು. ಇಳಿಯಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಬಟ್ಟೆಯಲ್ಲೇ ಬೆಂಚಿನ ಪಕ್ಕ ನೆಲದ ಮೇಲೆ ಕೂತು ಮೈಕು ತೆಗೆದುಕೊಂಡರು. ನಮ್ಮ ಅತ್ತಿಗೆಗೆ ರಕ್ತ ಹೋಗುತ್ತಿತ್ತು, ನಾಚಿಕೆಗೆ ಯಾರಿಗೂ ಹೇಳಲಿಲ್ಲ, ಹೇಳುವ ಹೊತ್ತಿಗೆ ಡಾಕ್ಟರು ಕೈ ಚೆಲ್ಲಿದರು ಎಂದರು. ಈ ಹುಡುಗಿಯ ತಾಯಿ ನನ್ನನ್ನು ನಿಮ್ಮೆದುರು ಸುಳ್ಳುಗಾರನನ್ನಾಗಿ ಮಾಡಿದಳು, ಆದರೆ ಅವಳು ಹೇಳಿದಂತೆಯೇ ಆಗುತ್ತಿದೆ, ನೋಡುತ್ತಿರಿ ಎಂದರು. ಭಾಷಣದ ದನಿ ಇರಲಿಲ್ಲ. ಅವರು ಹೇಳುತ್ತಿರುವಾಗಲೇ ಮಗಳು ಕಣ್ಣು ಬಿಟ್ಟು, ಮೊದಲು ಕೈಯನ್ನು ಪೈಜಾಮಾದ ಪಿನ್ನಿನ ಕಡೆ ಒಯ್ದಳು. ಪಿನ್ನು ಇದ್ದಲ್ಲೇ ಇತ್ತು.

ಮುದುಕಿ ಅವಳ ಪಾದ ಬಿಟ್ಟು ಎದ್ದು ನಿಂತು, ಮೈಕು ಬೇಕಿಲ್ಲದ ದನಿಯಲ್ಲಿ ಸಿಸ್ಟರ್‌ಗೆ ಹೇಳಿದಳು: "ನನ್ನ ಮೊಮ್ಮಗಳಿಗೂ ಮಲಗಿಸೇ ಹಾಕ್ರಿ. ಆಕಿ ಇಕೀಕಿಂತ ಪುಕ್ಕಲಿ."

ಇಪ್ಪತ್ತಾರರಲ್ಲಿ ಹತ್ತೊಂಬತ್ತು ಜನ ಹಾಕಿಸಿಕೊಂಡರು. ಯಾರೂ ಎಚ್ಚರ ತಪ್ಪಲಿಲ್ಲ. ಒಬ್ಬಳು ವಾಂತಿ ಮಾಡಿಕೊಂಡಳು, ಅದಕ್ಕೆ ಸಭೆಯಲ್ಲಿ ಹಂಚಿದ ಪೇಢೆ ಕಾರಣ ಎಂದು ಎಲ್ಲರೂ ಒಪ್ಪಿದರು. ಉಳಿದವರು ಹೆಬ್ಬೆಟ್ಟು ಒತ್ತಿದ ಕಾಗದ ವಾಪಸು ಇಸಿದುಕೊಂಡು ಮನೆಗೆ ಹೋದರು. ಸಂಜೆ ಶೌಚಾಲಯದ ಬೀಗ ತೆಗೆದರು. ರಿಬ್ಬನ್ ಕತ್ತರಿಸುವ ಫೋಟೋದಲ್ಲಿ ನನ್ನ ಮಗಳಿಲ್ಲ. ಅಪ್ಪನ ಟೆಂಪೋದಲ್ಲಿ ಆಗಲೇ ಮನೆಗೆ ಹೋಗಿದ್ದಳು.

ಹದಿನೇಳು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಬಡಿಸಿದರೆ ತಿನ್ನುತ್ತಾಳೆ, ಕರೆದರೆ ಬರುತ್ತಾಳೆ, ಮಾತಿಲ್ಲ. ಸಭೆಯ ವಿಡಿಯೋವನ್ನು ನಗರಸೇವಕರ ಕಡೆಯ ಹುಡುಗರು ಹಾಡು ಸೇರಿಸಿ ಎಲ್ಲೆಡೆ ಹರಡಿದ್ದರು, ಅವಳು ಬಿಳಿಚಿಕೊಂಡ ಭಾಗ ನಿಧಾನವಾಗಿ ಹೋಗುವ ಹಾಗೆ ಮಾಡಿ. ಹೊಸ ಟ್ಯೂಷನ್ನಿನಲ್ಲೂ ಈಗ ಹಳೆಯ ಹೆಸರೇ ಎಂದು ಅವಳ ಅಪ್ಪನಿಂದ ತಿಳಿಯಿತು. ಚೌಕದ ಫ್ಲೆಕ್ಸ್ ಇಳಿಸಿ ಎಂದು ಕೇಳಲು ಹೋದರೆ, ಬೇರೆ ಹಬ್ಬದ ಫ್ಲೆಕ್ಸ್ ಬರುವವರೆಗೆ ಇರಲಿ, ಒಳ್ಳೆಯ ಕೆಲಸವಲ್ಲವೇ ಎಂದರು. ಒಳ್ಳೆಯ ಕೆಲಸವೇ.

ಅದೇ ಭೇಟಿಯಲ್ಲಿ ಅವರು ಹೊಸ ಮಾತು ತೆಗೆದರು. ವಿಡಿಯೋ ನೋಡಿ ಪಕ್ಷದಲ್ಲಿ ಮೇಲಿನವರಿಗೆ ಬಹಳ ಹಿಡಿಸಿದೆಯಂತೆ. ಇಂದಾಪುರದಲ್ಲಿ, ಬಾರಾಮತಿಯಲ್ಲಿ ಕಬ್ಬು ಕಡಿಯುವವರ, ಕಾರ್ಖಾನೆಯವರ ನಡುವೆ ಇಂಥವೇ ಸಭೆಗಳಿವೆ. ಹುಡುಗಿ ಬಂದು ನಾನು ಬಿದ್ದೆ, ಎದ್ದೆ, ಈಗ ಚೆನ್ನಾಗಿದ್ದೇನೆ ಎಂದು ಎರಡು ಮಾತು ಹೇಳಿದರೆ ಸಾಕು. ಇನ್ನೊಂದು ಸೂಜಿ ಇಲ್ಲವಲ್ಲ. ಶೌಚಾಲಯಕ್ಕೆ ಇನ್ನೂ ನೀರು ಬಂದಿಲ್ಲವಲ್ಲ, ಅದನ್ನೂ ನೋಡೋಣ ಎಂದರು. ಬೀಗ ತೆಗೆದಿದ್ದರು, ತೊಟ್ಟಿಗೆ ನಳ ಜೋಡಿಸಿರಲಿಲ್ಲ. ನನ್ನ ಪಟ್ಟಿಯಲ್ಲಿ ಬೀಗ ಇತ್ತೇ ಹೊರತು ನೀರಿರಲಿಲ್ಲ. ಹೆಂಗಸರು ಕೊಡದಲ್ಲಿ ಹೊತ್ತು ಹಾಕುತ್ತಿದ್ದರು.

ಕೇಳಿ ಹೇಳುತ್ತೇನೆ ಎಂದೆ. ಯಾರನ್ನು ಎಂದರು. ಮಗಳನ್ನು ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು.

ಅಂದು ಅವಳ ಎದುರು ಕೂತು ಎಲ್ಲ ಹೇಳಿದೆ. ಯಾವುದಕ್ಕೂ ಬಣ್ಣ ಹಚ್ಚಲಿಲ್ಲ, ನೀರಿನ ಮಾತನ್ನೂ ಮುಚ್ಚಲಿಲ್ಲ. ಹದಿನೇಳು ದಿನದ ಮೇಲೆ ಅವಳು ಬಾಯಿ ಬಿಟ್ಟದ್ದು ಆಗಲೇ. "ಒಲ್ಲೆ" ಎಂದಳು.

ನಿನಗೇನು ಬೇಕು ಕೇಳು, ಕೊಡಿಸುತ್ತೇನೆ ಎಂದೆ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

"ಏನೂ ಬ್ಯಾಡವ್ವಾ. ಒಲ್ಲೆ ಅಂದ್ನಲ್ಲ."

ಬೇಡಿಕೆಯೇ ಇಲ್ಲದವರ ಜೊತೆ ಚೌಕಾಸಿ ನಡೆಯುವುದಿಲ್ಲ. ಎಲ್ಲಿ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ನಗರಸೇವಕರ ಬಳಿ ಹೋಗಿ ಒಲ್ಲೆ ಅಂದಳು ಎಂದು ಹೇಳಿದೆ. ಬದಲಿಗೆ ನಾನೇ ಬರುತ್ತೇನೆ ಎಂದೆ. ಇಂದಾಪುರಕ್ಕೆ ಹೋದೆ. ಎಸ್.ಟಿ. ಬಸ್ ಸ್ಟ್ಯಾಂಡಿನ ಹತ್ತಿರದ ಮೈದಾನದಲ್ಲಿ, ತೋಳು ನೋಯುತ್ತದೆ, ಕೆಲವರಿಗೆ ತಲೆ ತಿರುಗುತ್ತದೆ, ಮಲಗಿಸಿ ಹಾಕಿಸಿ, ಊಟ ಮಾಡಿಸಿ ಕರೆತನ್ನಿ ಎಂದು ಹೇಳಿದೆ. ಕೇಳಿದರು. ಮುಗಿದ ಮೇಲೆ ಒಬ್ಬಳು ಎದ್ದು, ವಿಡಿಯೋದಲ್ಲಿದ್ದ ಆ ಹುಡುಗಿ ಎಲ್ಲಿ ಎಂದಳು. ಅವಳು ಬದುಕಿದ್ದರೆ ಯಾಕೆ ಬಂದಿಲ್ಲ ಎಂದು ಇನ್ನೊಬ್ಬಳು ಕೂಗಿದಳು. ಮನೆಯಲ್ಲಿದ್ದಾಳೆ, ಇಲ್ಲಿಗೆ ಬರಲು ಅವಳಿಗೆ ಇಷ್ಟವಿಲ್ಲ ಎಂದೆ. ನಂಬಿದವರೆಷ್ಟು, ಬಿಟ್ಟವರೆಷ್ಟು ತಿಳಿಯದು. ಫೋನಿನಲ್ಲಿ ಅವಳನ್ನು ತೋರಿಸಿಬಿಡಿ ಎಂದು ಸಹಾಯಕ ಕಿವಿಯಲ್ಲಿ ಹೇಳಿದ. ಫೋನು ನನ್ನ ಕೈಯಲ್ಲೇ ಇತ್ತು, ಒಂದು ಬೆರಳಿನ ಕೆಲಸ. ಮಾಡಲಿಲ್ಲ. ಇಳಿದು ಬಂದು ಬಸ್ಸಿನಲ್ಲಿ ಕೂತೆ.

ನಳ ಇನ್ನೂ ಬಂದಿಲ್ಲ. ವಸ್ತಿಯ ಹೆಂಗಸರಿಗೆ ಕಾರಣ ಗೊತ್ತಾಗಿದೆ, ಯಾರು ಹೇಳಿದರೋ. ನನ್ನನ್ನು ಕಂಡರೆ ಕೊಡವನ್ನು ಬೇಕೆಂದೇ ಸಪ್ಪಳವಾಗುವ ಹಾಗೆ ಇಳಿಸುತ್ತಾರೆ. ಮುದುಕಿ ಮನೆಗೇ ಬಂದು, ನಿನ್ನ ಮಗಳು ಎರಡು ಮಾತು ಆಡಿದರೆ ನಮ್ಮ ಹುಡುಗಿಯರ ಸೊಂಟ ಉಳಿಯುತ್ತಿತ್ತು ಎಂದು ಹೇಳಿ, ನಾನು ಕೊಟ್ಟ ಚಹಾ ಕುಡಿಯದೆ ಹೋದಳು. ಅವಳ ಮಾತು ತಪ್ಪಲ್ಲ. ಇನ್ನೂ ಏಳು ಹುಡುಗಿಯರು ಸೂಜಿ ಹಾಕಿಸಿಕೊಂಡಿಲ್ಲ. ಅವರ ಮನೆಗಳಿಗೆ ನಾನೊಬ್ಬಳೇ ತಿರುಗುತ್ತೇನೆ. ಬಾಗಿಲು ತೆರೆಯುತ್ತಾರೆ, ಹಿಂದೆ ಮಗಳಿದ್ದಾಳೆಯೇ ಎಂದು ನನ್ನ ಭುಜದ ಆಚೆ ನೋಡುತ್ತಾರೆ, ನಾಳೆ ಬಾ ಎನ್ನುತ್ತಾರೆ.

ನಗರಸೇವಕರ ಆಫೀಸಿನಿಂದ ವಾರಕ್ಕೊಮ್ಮೆ ಫೋನು ಬರುತ್ತದೆ, ಹೆಚ್ಚಾಗಿ ಸಂಜೆ, ಮಗಳು ಒಳಗಿನ ಖೋಲಿಯಲ್ಲಿ ಓದುತ್ತಿರುವಾಗ. ಬಾರಾಮತಿಯ ಸಭೆ ಮುಂದಕ್ಕೆ ಹೋಗಿದೆ, ಹುಡುಗಿಯ ಮನಸ್ಸು ಬದಲಾಯಿತೇ ಎಂದು ಕೇಳುತ್ತಾರೆ. ನಾನು ಹಲೋ ಅಂದ ಕೂಡಲೇ ಒಳಗೆ ಹಾಳೆ ತಿರುವುವ ಸಪ್ಪಳ ನಿಲ್ಲುತ್ತದೆ. ನಳದ ಮಾತು, ಏಳು ಹುಡುಗಿಯರ ಮಾತು, ಎಲ್ಲ ಅವರು ಹೇಳಿ ಮುಗಿಸುವವರೆಗೂ ಕೇಳಿಸಿಕೊಳ್ಳುತ್ತೇನೆ. ಆಮೇಲೆ ಇಲ್ಲ ಎನ್ನುತ್ತೇನೆ. ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಕಾಯಬೇಕು. ಆಮೇಲೆ ಒಳಗೆ ಒಂದು ಹಾಳೆ ತಿರುಗುತ್ತದೆ.